ಬಣ್ಣಕ್ಕೊಂದು ಕೋಟೆ

ಹೊಳಲ್ಕೆರೆಯ ಕಲ್ಯಾಣಮಂಟಪದಲ್ಲಿ, ಕೈ ತೊಳೆಯುವ ನಲ್ಲಿಗಳ ಸಾಲಿನ ಮುಂದೆ, ಎರ್ರಿಸ್ವಾಮಿಯ ಬಿಳಿ ಅಂಗಿ ಇದ್ದಕ್ಕಿದ್ದಂತೆ ರಕ್ತದಲ್ಲಿ ಅದ್ದಿದ ಹಾಗಾದಾಗ ಮದುಮಗ ಇನ್ನೂ ತಾಳಿ ಕಟ್ಟಿರಲಿಲ್ಲ.

ಅದಕ್ಕೆ ಹತ್ತು ನಿಮಿಷ ಮುಂಚೆ ಎಲ್ಲವೂ ಸರಿಯಾಗಿಯೇ ಇತ್ತು. ಹೆಂಡತಿ ವೀರಮ್ಮನ ಅಣ್ಣನ ಮಗಳ ಮದುವೆ. ನೆಂಟರೆಲ್ಲ ಮಂಟಪದ ಎದುರು ಫ್ಯಾನಿನ ಕೆಳಗಿನ ಜಾಗಕ್ಕೆ ಪೈಪೋಟಿ ನಡೆಸಿದ್ದರೆ ಎರ್ರಿಸ್ವಾಮಿ ಅಡುಗೆಮನೆಯಲ್ಲಿ, ಬೂಂದಿ ಕರಿಯುವ ಬಾಣಲೆಯ ಪಕ್ಕ ನಿಂತಿದ್ದ. ಅಡುಗೆ ಗುತ್ತಿಗೆ ಹಿಡಿದ ಜಂಬಣ್ಣನ ಮೂಗಿನ ಕೆಳಗೆ ಒಂದು ಪ್ಲಾಸ್ಟಿಕ್ ಪೊಟ್ಟಣ ಹಿಡಿದಿದ್ದ. ಒಳಗೆ ಹೊಂಬಣ್ಣದ ನುಣುಪು ಪುಡಿ.

"ಡಬ್ಬಿ ಬಣ್ಣ ಅಲ್ಲ ಜಂಬಣ್ಣ, ಚೆಂಡು ಹೂವಿಂದು. ಗುಡೀಲಿ ದೇವ್ರ ಮೇಲಿಂದ ತೆಗೆದು ಹಿಂದ್ಗಡೆ ಸುರೀತಾರಲ್ಲ, ಆ ಹೂವು. ಅದರ ಬಣ್ಣ ಇಳಿಸಿ ಪುಡಿ ಮಾಡೀವಿ."

"ಪುಡಿ ಸರಿ. ಬಿಸಿಲಿಗೆ ಇಟ್ರೆ ನಿಲ್ಲುತ್ತೇನು?"

"ಒಂದೊಂದು ಕಣಕ್ಕೂ ಕೋಟು ಹಾಕ್ಸೀವಿ ಕಣಣ್ಣ."

"ಮದುಮಗನಿಗೇ ಇನ್ನೂ ಕೋಟು ಬಂದಿಲ್ಲ, ಬಾಡಿಗೆದು ದಾವಣಗೆರೆಯಿಂದ ಬರಬೇಕು. ನಿನ್ನ ಪುಡಿಗೆ ಆಗಲೇ ಕೋಟು ಬಂತಾ?" ಎಂದು ಜಂಬಣ್ಣ ಜಾಲರಿ ಸೌಟನ್ನು ಬಾಣಲೆಗೆ ಬಡಿದ. ಆ ಬಡಿತಕ್ಕೆ ಬೆಚ್ಚಿದ ಎರ್ರಿಸ್ವಾಮಿಯ ಬೆರಳಿನಲ್ಲಿ ಪೊಟ್ಟಣ ಹರಿಯಿತು. ಆವಿಗೆ, ಬೆವರಿಗೆ ತೊಯ್ದಿದ್ದ ಅಂಗಿಯ ಮೇಲೆ ಪುಡಿ ಎದೆಯಿಂದ ಹೊಟ್ಟೆಯವರೆಗೆ ಇಳಿಯಿತು.

ಅವನು ನಲ್ಲಿಗೆ ಓಡಿದ. ಅಲ್ಲಿದ್ದ ಬಟ್ಟೆ ಸೋಪನ್ನು ಹಿಡಿದು ಎದೆಯನ್ನು ಗಸಗಸ ಉಜ್ಜಿದ. ಹಳದಿ ಹೋಯಿತು, ಆದರೆ ಬಿಳಿ ಬರಲಿಲ್ಲ, ಕೆಂಪು ಬಂತು. ಉಜ್ಜಿದಷ್ಟೂ ಕೆಂಪು. ಬೆರಳ ಸಂದಿಯಿಂದ ಇಳಿದು ಪಂಚೆಗೂ ಹರಿಯಿತು.

"ಅಯ್ಯೋ, ಯಾರಿಗೋ ಚಾಕು ಹಾಕ್ಯಾರೆ ಬರ್ರೋ!" ಎಂದು ಕೈತೊಳೆಯಲು ಬಂದವನೊಬ್ಬ ಕಿರುಚಿದ. ವಾಲಗ ನಿಂತಿತು. ನಾಲ್ಕು ಜನ ಎರ್ರಿಸ್ವಾಮಿಯನ್ನು ಎತ್ತಿ ಜಮಖಾನದ ಮೇಲೆ ಮಲಗಿಸಿದರು. ಗಂಡಿನ ಕಡೆಯವರು ಆಂಬುಲೆನ್ಸಿಗೆ ಫೋನು ಹಚ್ಚಿದರು. ವೀರಮ್ಮ ಜನರನ್ನು ಸೀಳಿಕೊಂಡು ಬಂದವಳು ಗಂಡನ ಅಂಗಿಯನ್ನು ನೋಡಿ ದಿಗ್ಭ್ರಮೆಯಲ್ಲಿ, "ಇದು ಇವ್ರ ರಕ್ತ ಅಲ್ಲವೇ ಅಲ್ಲ, ಇಷ್ಟು ರಕ್ತ ಇವ್ರ ಮೈಯಾಗೆ ಇಲ್ಲ. ಹೋದ ತಿಂಗಳೇ ಡಾಕ್ಟ್ರು ಕಮ್ಮಿ ಐತೆ ಅಂದಿದ್ರು" ಎಂದುಬಿಟ್ಟಳು.

ಕೊನೆಗೆ ದಾರಿ ಮಾಡಿಕೊಂಡು ಬಂದವಳು ಕೆಂಚಕ್ಕ. ಚಿತ್ರದುರ್ಗದ ಹೂವಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷದಿಂದ ಹಾರ ಕಟ್ಟುವವಳು. ಈ ಮದುವೆಗೂ ಹಾರ ಅವಳದೇ. ಅಂಗಿಯ ಚುಂಗು ಹಿಡಿದು ಮೂಸಿದಳು.

"ಏಳೋ ಯಪ್ಪಾ, ಸಾಯಂಗಿಲ್ಲ ನೀನು. ಅರಿಶಿನ ಇದು. ಅರಿಶಿನಕ್ಕೆ ಸೋಪು ಬಿದ್ರೆ ಕೆಂಪಾಗದೆ ಹಸಿರಾಗ್ತೈತಾ? ಆರತಿ ನೀರಿಗೆ ಸುಣ್ಣ ಹಾಕಿದಂಗೆ. ಒಬ್ಬಳು ಹೆಂಗಸನ್ನ ಕೇಳಿದ್ರೆ ಹೇಳೋಳು."

ನಗು ಮಂಟಪವನ್ನೆಲ್ಲ ಸುತ್ತಿ ಬಂತು. ಮದುಮಗನೂ ನಕ್ಕ, ಮದುಮಕ್ಕಳು ನಗಬಾರದೆಂದು ಪುರೋಹಿತರು ಗದರಿ ತಾವೂ ನಕ್ಕರು. ಜಂಬಣ್ಣ ಸೌಟು ಹಿಡಿದೇ ಬಂದು, "ಚೆಂಡು ಹೂವು ಅಂದು ನನಗೇ ಅರಿಶಿನ ಮಾರಕ್ಕೆ ಬಂದಿದ್ಯೇನಪ್ಪ? ನಮ್ಮ ಮನೇಲಿ ಡಬ್ಬಿಗಟ್ಲೆ ಐತೆ, ಕೋಟು ಪಾಟು ಏನಿಲ್ಲದ್ದು" ಎಂದ.

ಜಮಖಾನದ ಮೇಲೆ ಅಂಗಾತ ಬಿದ್ದ ಎರ್ರಿಸ್ವಾಮಿಗೆ ಯಾವ ನಗುವೂ ಕಿವಿಗೆ ಬೀಳಲಿಲ್ಲ. ಅವನು ಕಾಲೇಜಿನ ಕಿಟಕಿಯಲ್ಲಿ ಸಾಲಾಗಿಟ್ಟ ಗಾಜಿನ ಶೀಷೆಗಳನ್ನು ನೆನೆಸಿಕೊಳ್ಳುತ್ತಿದ್ದ. ಮೂರು ತಿಂಗಳಿಂದ ಒಂದೊಂದೂ ಹತ್ತೇ ದಿನಕ್ಕೆ ಬಣ್ಣಗೆಟ್ಟ ಶೀಷೆಗಳು.

ಎರ್ರಿಸ್ವಾಮಿ ಎಂಬುದು ಆಂಧ್ರದ ಗಡಿ ಕಡೆಯ ಅವಧೂತರೊಬ್ಬರ ಹೆಸರು. ಆದರೆ ತೆಲುಗು ಬಲ್ಲವರು ಬಿಡಬೇಕಲ್ಲ. ಅವರಿಗೆ ಎರ್ರ ಅಂದರೆ ಕೆಂಪು, ಎರ್ರಿ ಅಂದರೆ ಹುಚ್ಚು. ಅರವತ್ತೊಂದು ವರ್ಷ ಎರಡನೆಯ ಅರ್ಥದಲ್ಲಿ ಬದುಕಿದ ಮನುಷ್ಯ ಮೊದಲನೆಯದನ್ನೂ ಆ ದಿನ ಹೊಳಲ್ಕೆರೆಯಲ್ಲಿ ಪೂರೈಸಿದ.

ಮೂವತ್ತೊಂದು ವರ್ಷ ಅವನು ಹೊರಜಿಲ್ಲೆಯ ಹಾಲಿನಪುಡಿ ಕಾರ್ಖಾನೆಯೊಂದರಲ್ಲಿ ಸ್ಪ್ರೇ ಡ್ರೈಯರ್ ನಡೆಸಿದ್ದ. ಮೂರು ಮಾಳಿಗೆ ಎತ್ತರದ ಉಕ್ಕಿನ ಕೊಳಗ ಅದು. ಮೇಲಿಂದ ಹಾಲು ಮಂಜಿನಂತೆ ಸಿಡಿಯುತ್ತದೆ, ಸುತ್ತ ಬಿಸಿಗಾಳಿ ಗಿರಕಿ ಹೊಡೆಯುತ್ತದೆ, ನೆಲ ಮುಟ್ಟುವಷ್ಟರಲ್ಲಿ ಹನಿ ಹೋಗಿ ಪುಡಿಯಾಗಿರುತ್ತದೆ. ಮೀಟರುಗಳು ಸುಳ್ಳು ಹೇಳಿದರೂ ಸದ್ದು ಸುಳ್ಳು ಹೇಳುವುದಿಲ್ಲ ಎಂಬುದು ಅವನ ನಂಬಿಕೆ. ಉಕ್ಕಿಗೆ ಕಿವಿಯಿಟ್ಟು ಒಳಗಿನ ಗಾಳಿ ಒಣಗಿದೆಯೋ ಹಸಿಯೋ ಹೇಳುತ್ತಿದ್ದ.

ಅಂಥವನು ನಿವೃತ್ತನಾಗಿ ತುರುವನೂರಿನ ಮನೆಗೆ ಬಂದ. ವೃತ್ತಿ ಹೋಯಿತು, ಪ್ರವೃತ್ತಿ ಹೋಗಲಿಲ್ಲ. ಕುಕ್ಕರಿನ ಎರಡು ಸೀಟಿಗಳ ನಡುವಿನ ಸೆಕೆಂಡು ಎಣಿಸಿ "ಗ್ಯಾಸ್ಕೆಟ್ ಸಡಿಲ ಐತೆ" ಎನ್ನುತ್ತಿದ್ದ. ಫ್ರಿಜ್ಜಿನೊಳಗೆ ಥರ್ಮಾಮೀಟರ್ ತೂಗುಹಾಕಿದ್ದ. ನೆರೆಯವರ ಬೋರಿನ ಮೋಟಾರು ಕೇಳಿಸಿಕೊಂಡು "ಬೇರಿಂಗ್ ಹೋಗ್ತೈತೆ, ನೋಡ್ರಿ" ಎಂದು ಗೋಡೆಯ ಮೇಲಿಂದ ಹೇಳುತ್ತಿದ್ದ. ಎರಡು ದಿನಕ್ಕೆ ಅದು ಹೋಗಿಯೂ ಬಿಡುತ್ತಿತ್ತು. ಬೇರಿಂಗ್ ಸವೆದಿತ್ತು ಎಂದು ಯಾರೂ ಒಪ್ಪಲಿಲ್ಲ, ಎರ್ರಿಸ್ವಾಮಿಯ ಬಾಯಿ ಕೆಟ್ಟದ್ದು ಎಂದು ಊರೆಲ್ಲ ಒಪ್ಪಿತು. ಹಜಾರದಿಂದ ಹಿತ್ತಿಲಿಗೆ, ಹಿತ್ತಿಲಿಂದ ಹಜಾರಕ್ಕೆ ದಿನಕ್ಕೆ ನೂರು ಸಲ.

"ನಿಮಗೇನೋ ರಿಟೈರ್ ಆತು," ಎಂದಳು ವೀರಮ್ಮ ಒಂದು ದಿನ, ಸಾಸಿವೆ ಡಬ್ಬಿ ಇದ್ದಲ್ಲಿ ಇಲ್ಲದ್ದನ್ನು ಕಂಡು. "ನೀವು ಮನೇಲಿದ್ರೆ ನನಗೆ ಯಾವಾಗ?"

ಆ ಹೊತ್ತಿಗೆ ದುರ್ಗದ ಒಂದು ಕಾಲೇಜಿಗೆ ಬೀರುವಿನ ಗಾತ್ರದ ಚಿಕ್ಕ ಸ್ಪ್ರೇ ಡ್ರೈಯರ್ ಬಂದಿತ್ತು. ತರಿಸಿದವಳು ರಸಾಯನಶಾಸ್ತ್ರದ ಮೇಘಶ್ರೀ. ಹೊಸದುರ್ಗದ ಹುಡುಗಿ, ಹೊಸ ಪಿಎಚ್‌ಡಿ, ಬೆಂಗಳೂರಿನ ಇಲಾಖೆಯೊಂದರಿಂದ ಒಂದು ವರ್ಷದ ಯೋಜನೆ. ಎಸೆದ ಹೂವಿನಿಂದ ಬಣ್ಣ ಇಳಿಸುವುದು ಯಾರಿಗೂ ಬಂದೀತು. ಆದರೆ ಹೂವಿನ ಬಣ್ಣ ಮಹಾ ಮುನಿಸಿನದು. ಗಾಳಿ ತಾಗಿದರೆ ಮಂಕು, ಬಿಸಿಲು ಬಿದ್ದರೆ ಮಾಯ. ಅದಕ್ಕೆ ಬಣ್ಣವನ್ನು ಗೋಂದಿನ ನೀರಿನಲ್ಲಿ ಹಾಲಿನಂತೆ ಕಡೆದು ಬಿಸಿಗಾಳಿಯಲ್ಲಿ ಸಿಡಿಸಬೇಕು. ನೀರು ಆರಿ ಹೋಗುತ್ತದೆ, ಬಣ್ಣದ ಒಂದೊಂದು ಕಣದ ಸುತ್ತ ಗೋಂದು ಗಟ್ಟಿಯಾಗಿ ಗೋಡೆಯಾಗುತ್ತದೆ. ಮೇಘಶ್ರೀ ಅದಕ್ಕೆ ಇಂಗ್ಲಿಷಿನಲ್ಲಿ ಕೋಟು ಎನ್ನುತ್ತಿದ್ದಳು. ದುರ್ಗದ ಏಳು ಸುತ್ತಿನ ಗೋಡೆಯ ನೆರಳಿನಲ್ಲಿ ಬೆಳೆದ ಎರ್ರಿಸ್ವಾಮಿಗೆ ಅದು ಕೋಟೆ. ಅರ್ಥ ಒಂದೇ, ನಮ್ಮದರಲ್ಲಿ ಬಾಗಿಲು ಬೇರೆ ಇದೆ.

ಕಾಲೇಜಿನಲ್ಲಿ ಆ ಯಂತ್ರವನ್ನು ಪಳಗಿಸಲು ಯಾರಿಗೂ ಬರಲಿಲ್ಲ. ಪುಡಿಯೆಲ್ಲ ಒಳಗಿನ ಗಾಜಿಗೇ ಮೆತ್ತಿಕೊಳ್ಳುತ್ತಿತ್ತು. ಯಾರೋ ತುರುವನೂರಿನ ಹೆಸರು ಹೇಳಿದರು. ಎರ್ರಿಸ್ವಾಮಿ ಬಂದು ಕಿವಿಯಿಟ್ಟು ಕೇಳಿ, "ಗಂಟಲು ಕಟ್ಟೈತೆ" ಎಂದು ನಳಿಕೆ ಬಿಚ್ಚಿ ತೊಳೆದ. ಅಂದಿನಿಂದ ದಿನವೂ ಎಂಟೂಕಾಲಿನ ಬಸ್ಸು. ಕೈಗೆ ಏನೋ ಕೊಡುತ್ತಿದ್ದರು. ಅವನಿಗೆ ಬೇಕಾದದ್ದು ಆ ಬಸ್ಸು. ಬೆಳಿಗ್ಗೆ ಎದ್ದರೆ ಹೋಗಲೊಂದು ಜಾಗ, ಅಲ್ಲಿ ತನ್ನ ಕಿವಿಗಾಗಿ ಕಾಯುವ ಒಂದು ಯಂತ್ರ.

ಷರತ್ತೂ ಇತ್ತು. ಜನವರಿಯ ಮೊದಲ ವಾರ ಇಲಾಖೆಯ ತಜ್ಞರು ಬರುತ್ತಾರೆ. ನಲವತ್ತೈದು ದಿನ ಬಿಸಿಲಿನ ಕಿಟಕಿಯಲ್ಲಿಟ್ಟ ಪುಡಿಯಲ್ಲಿ ಮುಕ್ಕಾಲು ಪಾಲು ಬಣ್ಣ ಉಳಿದಿದ್ದರೆ ಯೋಜನೆ ಎರಡು ವರ್ಷ ಮುಂದಕ್ಕೆ. ಇಲ್ಲದಿದ್ದರೆ ಯಂತ್ರ ಬೆಂಗಳೂರಿಗೆ, ಎರ್ರಿಸ್ವಾಮಿ ತುರುವನೂರಿಗೆ, ಸಾಸಿವೆ ಡಬ್ಬಿಯ ಬಳಿಗೆ.

ಮದುವೆಯ ಮರುದಿನ ಬಸ್ಸು ನಿಲ್ಲುವ ಮೊದಲೇ ಇಳಿದು ಕಾಲೇಜಿಗೆ ನಡೆದ. ಮೇಘಶ್ರೀ ಕೇಳುತ್ತಾ ಕೇಳುತ್ತಾ ಕಿಟಕಿಯ ಕಟ್ಟೆಗೆ ಒರಗಿಬಿಟ್ಟಳು. "ಅಯ್ಯೋ ದೇವರೇ."

"ಹೂವು ಕೊಡೋ ಆ ಗುಡಿಯೋನದೇ ಮೇಡಂ ತಪ್ಪು. ಹೂವು ಕಳಿಸು ಅಂದ್ರೆ ಅರಿಶಿನ ಕುಂಕುಮನೂ ಸೇರಿಸಿ ಕಳಿಸ್ಯಾನೆ."

ಅವಳು ಒಂದು ಚಿಟಿಕೆ ಪುಡಿಗೆ ಬಟ್ಟೆ ಸೋಡಾದ ನೀರು ಬಿಟ್ಟಳು. ಕೆಂಪು. ಇನ್ನೊಂದು ಶೀಷೆ. ಕೆಂಪು. ಸಾಲಿನ ಎಲ್ಲವೂ ಕೆಂಪು.

"ಬಣ್ಣ ಅಳೆಯೋ ಗ್ರಾಫಿನ ಗುಡ್ಡ ಸ್ವಲ್ಪ ಎಡಕ್ಕೆ ವಾಲಿತ್ತು ಎರ್ರಿಸ್ವಾಮಿ. ಮಷೀನು ಹಳೇದು ಅಂತ ನಾನೇ ಸಮಾಧಾನ ಹೇಳಿಕೊಂಡೆ. ನಮ್ಮಮ್ಮ ಸೀರೆಗೆ ಅರಿಶಿನ ಮೆತ್ತಿದರೆ ಬಿಸಿಲಿಗೆ ಹಾಕ್ತಾರೆ, ಸಂಜೆಗೆ ಕಲೆ ಇರಲ್ಲ. ನಾನು ಪಿಎಚ್‌ಡಿ ಮಾಡಿ, ಅದೇ ಅರಿಶಿನವನ್ನ ಕಿಟಕಿಯಲ್ಲಿಟ್ಟು, ಅದು ಯಾಕೆ ಹೋಗ್ತಿದೆ ಅಂತ ಮೂರು ತಿಂಗಳು ತಲೆ ಕೆರೆದುಕೊಂಡೆ."

ಎರ್ರಿಸ್ವಾಮಿಯ ಕಾಲು ನೆಲವನ್ನು ತಟ್ಟುತ್ತಿತ್ತು.

"ಹಂಗಾದ್ರೆ ಮೇಡಂ, ಕೋಟೆ ಸೋರ್ತಾ ಇರಲಿಲ್ಲ."

"ಹಾಂ?"

"ಕೋಟೆ ಗಟ್ಟಿಯಾಗೇ ಐತೋ ಏನೋ. ಒಳಗಿರೋನು ಬ್ಯಾರೆ ರಾಜ. ಅರಿಶಿನ ಇಲ್ಲದ ಚೆಂಡು ಹೂವು ಹಾಕಿ ನೋಡಾಣ."

ಅಂದು ನವೆಂಬರ್ ಐದು. ನಲವತ್ತೈದು ದಿನದ ಬಿಸಿಲು ಸಿಗಬೇಕಾದರೆ ಇಪ್ಪತ್ತಕ್ಕೆ ಶೀಷೆ ಕಿಟಕಿಗೆ ಏರಬೇಕು. ಒಣಗಿಸಿ, ಬಣ್ಣ ಇಳಿಸಿ, ಸಿಡಿಸಲು ಒಂದು ವಾರ. ಹೂವು ಹುಡುಕಲು ಉಳಿದದ್ದು ಇನ್ನೊಂದು ವಾರ. ಬೇಕಾದದ್ದು ಎಪ್ಪತ್ತು ಕೆಜಿ. ಅದೂ ಎಸೆದ ಹೂವೇ ಆಗಬೇಕು, ಕೊಂಡು ತಂದರೆ ಯೋಜನೆಯ ಹೆಸರೇ ಸುಳ್ಳು.

ಮೊದಲ ದಿನ ಹಿರಿಯೂರು. ಮಾರುಕಟ್ಟೆಯ ಹಿಂದೆ ಮಾರಾಟವಾಗದೆ ಸುರಿದ ಚೆಂಡು ಹೂವಿನ ಗುಡ್ಡೆ ಕಂಡು ಅವನ ಎದೆ ಅರಳಿತು. ಕೈ ಹಾಕಿದ, ಒಳಗೆ ಅನ್ನದ ಹಂಡೆಯಂತೆ ಬಿಸಿ, ಮೇಲೆದ್ದ ವಾಸನೆಗೆ ಪಕ್ಕದಲ್ಲಿದ್ದ ನಾಯಿಯೂ ಸರಿಯಿತು. ಎರಡು ದಿನದ ತುಂತುರಿಗೆ ಕೊಳೆತಿತ್ತು. ಮರುದಿನ ಹೊಸದುರ್ಗ. ಛತ್ರದವರು ಧಾರಾಳವಾಗಿ ಮಂಟಪದ ಹೂವನ್ನೆಲ್ಲ ಬಿಚ್ಚಿ ಚೀಲಕ್ಕೆ ತುಂಬಿದರು. ಬಸ್ಸಿನಲ್ಲಿ ಚೀಲ ಬಿಚ್ಚಿ ನೋಡಿದರೆ ಪಕಳೆ ಪಕಳೆಗೂ ಅಕ್ಷತೆ, ಅಂದರೆ ಅರಿಶಿನ ಸವರಿದ ಅಕ್ಕಿ. ನವದಂಪತಿಗೆ ಹಾರೈಸಿದ್ದೆಲ್ಲ ಯೋಜನೆಗೆ ಶಾಪ. ದುರ್ಗದ ಲಾರಿ ಆಫೀಸಿನ ಮುಂದೆ ಬಿದ್ದ ಹಾರಗಳಲ್ಲಿ ಕುಂಕುಮ, ನಿಂಬೆಹಣ್ಣು, ಮೇಲೆ ಗ್ರೀಸು.

ಮೂರನೆಯ ಸಂಜೆ ಅವನು ಕೆಂಚಕ್ಕನ ಅಂಗಡಿಯ ಮುಂದೆ ಆ ಕಾಲಿಂದ ಈ ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದ.

"ಏನೋ ಚಾಕು ಹಾಕಿಸ್ಕೊಂಡೋನೇ, ಗಾಯ ವಾಸಿ ಆತಾ?" ಎಂದಳು ಕೆಂಚಕ್ಕ. ಬೆರಳುಗಳು ದಾರದ ಮೇಲೆ ತಮ್ಮ ಪಾಡಿಗೆ ತಾವು ಓಡುತ್ತಿದ್ದವು.

ಅವನು ಎಲ್ಲ ಹೇಳಿದ. ಅವಳು ಹಾರದ ತುದಿಗೆ ಗಂಟು ಹಾಕಿ ಹಲ್ಲಿನಲ್ಲಿ ದಾರ ಕಡಿದಳು.

"ದೇವ್ರ ಕೊರಳಿಂದು ಬ್ಯಾಡ, ಮದುವೆದು ಬ್ಯಾಡ, ಲಾರಿದು ಬ್ಯಾಡ. ಇನ್ನು ಉಳಿದಿದ್ದು ಯಾರದಲೇ? ಮನುಷ್ಯರ ಕೊರಳು. ಇದು ನವೆಂಬರು, ತಿಂಗಳು ಪೂರ್ತಿ ರಾಜ್ಯೋತ್ಸವ. ಸನ್ಮಾನಕ್ಕೆ ಅಂತ ದಿನಾ ಅರವತ್ತು ಹಾರ ಕಟ್ತೀನಿ. ಕೊರಳಿಗೆ ಬಿದ್ದ ಹಾರ ಎಷ್ಟು ಹೊತ್ತು ಇರ್ತೈತೆ ನೋಡೀಯಾ? ಫೋಟೋ ಹೊಡೆಯೋ ತನಕ. ಆಮೇಲೆ ಮೇಜಿನ ಮೇಲೆ, ಮೇಜಿನಿಂದ ಕಸಕ್ಕೆ. ಅದಕ್ಕೆ ಅರಿಶಿನ ಹಚ್ಚೋರು ಯಾರು?"

ಎರ್ರಿಸ್ವಾಮಿ ಆ ಕ್ಷಣವೇ ಅವಳಿಗೆ ಕೈ ಮುಗಿದ. "ಫೋಟೋಕ್ಕೆ ಹಾಕಿದ ಹಾರ ಮಾತ್ರ ಮುಟ್ಟಬ್ಯಾಡ," ಎಂದು ಕೆಂಚಕ್ಕ ಎಚ್ಚರಿಸಿದಳು. "ತಾಯಿ ಭುವನೇಶ್ವರಿ ಫೋಟೋದ್ದು. ಅದಕ್ಕೆ ಕುಂಕುಮ ಇಟ್ಟಿರ್ತಾರೆ."

ಮುಂದಿನ ನಾಲ್ಕು ದಿನ ಈ ಜಿಲ್ಲೆಯಲ್ಲಿ ಎರ್ರಿಸ್ವಾಮಿ ಕೇಳಿದಷ್ಟು ಭಾಷಣ ಕನ್ನಡಾಂಬೆಯೂ ಕೇಳಿರಲಾರಳು. ಬೆಳಿಗ್ಗೆ ಹಿರಿಯೂರಿನ ಆಟೋ ಚಾಲಕರ ಸಂಘ, ಮಧ್ಯಾಹ್ನ ಹೊಸದುರ್ಗದ ವರ್ತಕರದು, ಸಂಜೆ ದುರ್ಗದಲ್ಲಿ ಒಂದೇ ಬೀದಿಗೆ ಮೂರು ವೇದಿಕೆ. ಹೆಗಲಿಗೆ ಮಡಚಿದ ಗೋಣಿಚೀಲ, ವೇದಿಕೆಯ ಎಡಮಗ್ಗುಲು ಅವನ ಜಾಗ. ಭಾಷಣ ಉದ್ದವಾದಷ್ಟೂ ಹೂವು ಬಾಡುತ್ತದೆಂಬ ಸತ್ಯವನ್ನು ಅವನಷ್ಟು ಸಂಕಟದಿಂದ ಕಂಡುಕೊಂಡವರಿಲ್ಲ. ಮುಖಂಡರಿಗೆ ಈಗೀಗ ಕ್ರೇನಿನಲ್ಲಿ ಸೇಬಿನ ಹಾರ ಬರುತ್ತದೆ. ಅದು ಬಂದಾಗಲೆಲ್ಲ ಜನ ಸೇಬಿಗೆ ಮುಗಿಬೀಳುತ್ತಿದ್ದರು, ಇವನೊಬ್ಬ ಎದುರು ದಿಕ್ಕಿನಲ್ಲಿ ಕೆಳಗೆ ಬಿದ್ದ ಚೆಂಡು ಹೂವಿಗೆ. ಸೇಬು ಬಿಟ್ಟು ಹೂವು ಆಯುವವನನ್ನು ಕಂಡು ಪೊಲೀಸಿನವನೊಬ್ಬ ಎರಡು ಸಲ ಚೀಲ ಬಿಚ್ಚಿಸಿ ನೋಡಿದ.

ಹೊಳಲ್ಕೆರೆಯಲ್ಲಂತೂ ಸಂಘಟಕನೊಬ್ಬ ಅವನನ್ನು ಬಹಳ ಹೊತ್ತು ನೋಡಿ ಹತ್ತಿರ ಬಂದ. "ತಾವು ಯಾವೂರಿನವರು ಯಜಮಾನ್ರೇ?"

"ತುರುವನೂರು."

ಸ್ವಾತಂತ್ರ್ಯ ಹೋರಾಟದ ಊರು. ಸಂಘಟಕನ ಕಣ್ಣು ಮಿಂಚಿತು. ಎರಡೇ ನಿಮಿಷದಲ್ಲಿ ಮೈಕು "ಹೋರಾಟದ ನೆಲದಿಂದ ಬಂದ ಹಿರಿಯ ಜೀವ" ಎಂದು ಕೂಗಿತು, ಎರ್ರಿಸ್ವಾಮಿಯ ಕೊರಳಿಗೆ ಎರಡು ಕೆಜಿ ತೂಕದ ಹಾರ ಬಿತ್ತು, ಚಪ್ಪಾಳೆ ಆಯಿತು. ಹಿರಿಯ ಜೀವ ವೇದಿಕೆಯ ಮೇಲೆಯೇ ಹಾರ ತೆಗೆದು, ಮೂಸಿ, ಅರಿಶಿನವಿಲ್ಲವೆಂದು ಖಾತ್ರಿ ಮಾಡಿಕೊಂಡು, ಚೀಲಕ್ಕೆ ತುರುಕಿತು. ಪಕ್ಕದಲ್ಲಿದ್ದ ಮೂವರದನ್ನೂ ಕೇಳಿ ತೆಗೆದುಕೊಂಡಿತು.

ಕೊನೆಯ ದಿನ ಇನ್ನೂ ಐದಾರು ಕೆಜಿ ಕಡಿಮೆ ಇತ್ತು. ಹಿರಿಯೂರಿನ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕರೊಬ್ಬರ ಬೀಳ್ಕೊಡುಗೆ ಎಂದು ಬಸ್ಸಿನಲ್ಲಿ ಕಿವಿಗೆ ಬಿದ್ದು ಅಲ್ಲಿಗೆ ಓಡಿದ. ಸಮಾರಂಭ ಮುಗಿದಿತ್ತು. ಮಕ್ಕಳು ಹಾಕಿದ ಹಾರಗಳು ಮೇಜಿನ ಮೇಲೆ ರಾಶಿ ಬಿದ್ದಿದ್ದವು. ಅವನ್ನು ಚೀಲಕ್ಕೆ ಸುರಿದುಕೊಂಡ. ಆದರೆ ಮೇಷ್ಟ್ರು ಮೂರ್ತಪ್ಪ ಮಾತ್ರ ಖಾಲಿ ಮೈದಾನದ ಅಂಚಿನ ಕಲ್ಲಿನ ಮೇಲೆ, ಕೊರಳಲ್ಲಿ ಇನ್ನೂ ಒಂದು ಹಾರ ಹಾಕಿಕೊಂಡೇ ಕೂತಿದ್ದರು. ತುಂಬ ದಪ್ಪನೆಯ ಹಾರ.

"ಸಾರ್, ಆ ಹಾರ..." ಎಂದು ಎರ್ರಿಸ್ವಾಮಿ ವಿಷಯ ವಿವರಿಸಿದ.

ಮೇಷ್ಟ್ರು ಎಲ್ಲ ಕೇಳಿದರು. "ಬಣ್ಣ ಹೋಗದಂಗೆ ಮ್ಯಾಲೆ ಗೋಂದಿನ ಗೋಡೆ ಕಟ್ತೀರಾ? ಎಷ್ಟು ದಿನ ನಿಲ್ತೈತೆ?"

"ನಲವತ್ತೈದು ದಿನ ನಿಂತ್ರೆ ಪಾಸು ಸಾರ್."

"ಅಷ್ಟೇನಾ? ಮೂವತ್ನಾಕು ವರ್ಷ ನಾನೂ ನಿಂತೆ, ಈ ಮೈದಾನದಾಗೆ, ಬಿಸಿಲಾಗೆ." ಅವರು ಹಾರದ ಒಂದು ಹೂವನ್ನು ಹಿಚುಕಿದರು. "ಇವತ್ತು ತೆಗೆದ್ರೆ ನಾಳೆ ಯಾರು ಹಾಕ್ತಾರಪ್ಪ? ನಾಳೆ ಬೆಳಿಗ್ಗೆ ಎಂಟಕ್ಕೆ ನಾನು ಎಲ್ಲಿಗೆ ಹೋಗಲಿ, ನೀನೇ ಹೇಳು."

ನಿವೃತ್ತಿಯ ದಿನ ಕಾರ್ಖಾನೆಯವರು ಹಾಕಿದ್ದ ತನ್ನ ಹಾರವನ್ನು ಎರ್ರಿಸ್ವಾಮಿ ಸ್ಕೂಟರಿನ ಹ್ಯಾಂಡಲಿಗೆ ನೇತುಹಾಕಿ ಬಂದಿದ್ದ. ಮನೆ ತಲುಪಿದಾಗ ದಾರ ಮಾತ್ರ ಉಳಿದಿತ್ತು. ವೀರಮ್ಮ ಆ ದಾರವನ್ನೂ ಮಡಚಿ ಇಟ್ಟಿದ್ದಳು, ಯಾವುದಕ್ಕಾದರೂ ಬರುತ್ತದೆಂದು.

ಆ ಒಂದು ಹಾರವನ್ನು ಅವನು ಮತ್ತೆ ಕೇಳಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಮೇಷ್ಟ್ರ ಜೊತೆ ನಡೆದ. ಹಾರ ಹಾಕಿಕೊಂಡ ಮುದುಕರನ್ನೂ ಗೋಣಿಚೀಲದ ಮುದುಕನನ್ನೂ ಜನ ತಿರುತಿರುಗಿ ನೋಡಿದರು. ತೂಕದಲ್ಲಿ ಎರಡು ಕೆಜಿ ಕಡಿಮೆ ಬಿತ್ತು. ಮೇಘಶ್ರೀ ಕೇಳಿದ್ದಕ್ಕೆ "ಸಿಗಲಿಲ್ಲ" ಎಂದನಷ್ಟೆ.

ಹೂವು ನೆರಳಲ್ಲಿ ಒಣಗಿತು, ಪುಡಿಯಾಯಿತು, ಎಣ್ಣೆಗೆ ಬಣ್ಣ ಬಿಟ್ಟಿತು. ಎರ್ರಿಸ್ವಾಮಿ ಮಾಡಿದ ಮೊದಲ ಕೆಲಸ ಅದರ ಮೇಲೆ ಒಂದು ಹನಿ ಸೋಪಿನ ನೀರು ಬಿಟ್ಟದ್ದು. ಹಳದಿ ಹಳದಿಯಾಗಿಯೇ ಉಳಿಯಿತು. ಮೇಘಶ್ರೀ ಎರಡನೆಯ ಹನಿ ಬಿಟ್ಟಳು, ಮೂರನೆಯದನ್ನೂ.

ಸಿಡಿಸುವ ದಿನ ಆಕಾಶ ಕೈಕೊಟ್ಟಿತು. ಎಲ್ಲೋ ಸಮುದ್ರದಲ್ಲಿ ಎದ್ದ ಚಂಡಮಾರುತ ದುರ್ಗದ ಬಂಡೆಗಳ ಮೇಲೆ ಜಿಟಿಜಿಟಿ ಸುರಿಯುತ್ತಿತ್ತು. ಗಾಳಿ ಹಸಿಯಾದರೆ ಪುಡಿ ಗಾಜಿಗೆ ಮೆತ್ತುತ್ತದೆ. ಹಸಿ ಹೋಗಲೆಂದು ಬಿಸಿ ಏರಿಸಿದರೆ ಬಣ್ಣ ಸುಡುತ್ತದೆ. "ನಾಳೆ ಮಾಡೋಣ" ಎಂದಳು ಮೇಘಶ್ರೀ. ಅಂದು ಹತ್ತೊಂಬತ್ತು. ನಾಳೆ ಎಂಬುದು ಶೀಷೆಗೆ ಮೀಸಲಾಗಿತ್ತು.

"ಮೆಲ್ಲಗೆ ಕುಡಿಸಾಣ ಮೇಡಂ. ಕೂಸಿಗೆ ಒಳಲೇಲಿ ಹಾಲು ಕುಡಿಸಿದಂಗೆ," ಎಂದ. ಹನಿಯ ವೇಗವನ್ನು ಅರ್ಧಕ್ಕೆ ಇಳಿಸಿದ. ಗಾಜಿನ ಕೊಳಗಕ್ಕೆ ಕಿವಿಯೊತ್ತಿ ನಿಂತ. ಕೈಯಲ್ಲಿ ರಬ್ಬರಿನ ಸುತ್ತಿಗೆ, ಅದರ ತಲೆಗೆ ವೀರಮ್ಮನ ಹಳೆಯ ಸೀರೆಯ ಚೂರು ಸುತ್ತಿತ್ತು. ಒಳಗಿನ ಸುಯ್ಯೆನ್ನುವ ಸದ್ದು ಕೊಂಚ ದಪ್ಪವಾದರೆ ಸಾಕು, ಅಲ್ಲಿಗೊಂದು ಮೆತ್ತನೆಯ ತಟ್ಟು. ಮೆತ್ತಲು ಹೊರಟ ಪುಡಿ ಮನಸ್ಸು ಬದಲಿಸಿ ಕೆಳಗಿಳಿಯುತ್ತಿತ್ತು. ಮೂರೂವರೆ ಗಂಟೆ ಅವನು ಆ ಗಾಜಿನಿಂದ ಕೆನ್ನೆ ತೆಗೆಯಲಿಲ್ಲ. ತೆಗೆದಾಗ ಆ ಕೆನ್ನೆ ಕೆಂಪಗಾಗಿತ್ತು, ಈ ಸಲ ಸೋಪಿಲ್ಲದೆ. ಕೆಳಗಿನ ಬೋಗುಣಿಯಲ್ಲಿ ನಾನೂರು ಗ್ರಾಂ ಹೊಂಬಣ್ಣ.

ಇಪ್ಪತ್ತಕ್ಕೆ ಎರಡು ಶೀಷೆ ತುಂಬಿದರು. ಒಂದು ಕಿಟಕಿಗೆ, ಹೋಲಿಸಿ ನೋಡಲು ಇನ್ನೊಂದು ಕತ್ತಲೆಯ ಬೀರುವಿಗೆ.

ಆಮೇಲಿನ ನಲವತ್ತೈದು ದಿನ ಎರ್ರಿಸ್ವಾಮಿಯನ್ನು ಸಹಿಸಿದವರಿಗೆ ನಿಜವಾದ ಸನ್ಮಾನ ಸಲ್ಲಬೇಕು. ಭಾನುವಾರವೂ ಬಸ್ಸು. ಕಾವಲುಗಾರನಿಂದ ಬೀಗ ತೆಗೆಸಿ, ಕಿಟಕಿಯ ಗಾಜು ಒರೆಸಿ, ಶೀಷೆಯನ್ನು ಕಾಲು ಸುತ್ತು ತಿರುಗಿಸುತ್ತಿದ್ದ. ಬಿಸಿಲು ಬಂದರೆ ಬಣ್ಣ ಹೋದೀತೆಂಬ ಚಿಂತೆ, ಮೋಡ ಕವಿದರೆ ಪರೀಕ್ಷೆಯೇ ಸುಳ್ಳಾದೀತೆಂಬ ಚಿಂತೆ. ಬೆಟ್ಟದಿಂದ ಇಳಿದ ಕೋತಿಯೊಂದು ಕಿಟಕಿಯ ಸರಳು ಹಿಡಿದು ಶೀಷೆಯನ್ನೇ ದಿಟ್ಟಿಸುತ್ತಿದ್ದುದು ಕಂಡು ಒಂದು ವಾರ ಕೋತಿ ಕಾವಲು ಮಾಡಿದ. ಹತ್ತನೆಯ ದಿನ, ಹಿಂದಿನ ಶೀಷೆಗಳೆಲ್ಲ ಸೋತ ದಿನ, ನೋಡುವ ಧೈರ್ಯ ಬಾರದೆ ಚಂದ್ರವಳ್ಳಿಯವರೆಗೆ ನಡೆದು ಹೋಗಿ ವಾಪಸು ಬಂದ. ಬಣ್ಣ ಹಾಗೆಯೇ ಇತ್ತು. ಇಪ್ಪತ್ತನೆಯ ದಿನವೂ ಇತ್ತು. ಮೂವತ್ತಕ್ಕೆ ಸ್ವಲ್ಪ ತೆಳುವಾಯಿತೆಂದು ಅವನು, ಇಲ್ಲವೆಂದು ಮೇಘಶ್ರೀ. ಮನೆಯಲ್ಲಿ ರಾತ್ರಿ ಊಟಕ್ಕೆ ಸಾರು ಬಡಿಸಿದರೆ ತಟ್ಟೆಯನ್ನು ಬೆಳಕಿಗೆ ಹಿಡಿದು ಅದರ ಬಣ್ಣ ನೋಡುತ್ತಿದ್ದ.

"ಉಣ್ರಿ," ಎಂದಳು ವೀರಮ್ಮ. "ನನ್ನ ಸಾರಿಗೆ ಯಾವ ಕೋಟೆನೂ ಬ್ಯಾಡ. ನಾಳೆತನಕ ಉಳಿಯಂಗಿಲ್ಲ."

ಜನವರಿ ನಾಲ್ಕರಂದು ಬೆಳಿಗ್ಗೆ ಹತ್ತಕ್ಕೆ ತಜ್ಞರು ಬಂದರು. ಹೆಸರು ಪ್ರಸನ್ನಕುಮಾರ್, ಮುಖದಲ್ಲಿ ಹೆಸರಿನ ಗುರುತು ಅಷ್ಟಾಗಿ ಇರಲಿಲ್ಲ. ಪ್ರಾಂಶುಪಾಲರ ಕೊಠಡಿಯಿಂದ ತಂದು ಹಾಕಿದ ಕುರ್ಚಿಯಲ್ಲಿ ಕುಳಿತು ಮೊದಲಿಂದ ಕೊನೆಯವರೆಗೆ ಕಡತ ಓದಿದರು. ಅರಿಶಿನದ ಮೂರು ತಿಂಗಳನ್ನು ಮೇಘಶ್ರೀ ಮುಚ್ಚಿಡದೆ ಬರೆದಿದ್ದಳು. ಅಲ್ಲಿ ಅವರ ಹುಬ್ಬು ಏರಿತು. ಸನ್ಮಾನದ ಹಾರಗಳಲ್ಲಿ ಇನ್ನೂ ಏರಿತು.

ಎರಡೂ ಶೀಷೆಯಿಂದ ತಾವೇ ಚಿಟಿಕೆ ತೆಗೆದು, ತಾವೇ ಕರಗಿಸಿ, ಮಾಪಕದ ಮುಂದೆ ಹಿಡಿದರು. ಎರ್ರಿಸ್ವಾಮಿ ಯಂತ್ರದ ಮಗ್ಗುಲಲ್ಲಿ, ಅಂಗೈಯನ್ನು ಅದರ ತಣ್ಣನೆಯ ಗಾಜಿನ ಮೇಲಿಟ್ಟು ನಿಂತಿದ್ದ. ಮಾಪಕ ಗುಂಯ್ ಎಂದಿತು. ಅವನಿಗೆ ಅದರ ಸದ್ದು ಗೊತ್ತಿರಲಿಲ್ಲ. ಅದೊಂದು ಯಂತ್ರದ ಮಾತು ಅವನಿಗೆ ತಿಳಿಯುತ್ತಿರಲಿಲ್ಲ.

"ಎಂಬತ್ತೆರಡು," ಎಂದರು ಪ್ರಸನ್ನಕುಮಾರ್. ಇನ್ನೊಮ್ಮೆ ಮಾಡಿದರು. "ಎಂಬತ್ತೊಂದೂವರೆ. ಬೇಕಾಗಿದ್ದು ಎಪ್ಪತ್ತೈದು."

ಮೇಘಶ್ರೀ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ತಜ್ಞರು ಕಡತದ ಕೊನೆಯ ಹಾಳೆಯಲ್ಲಿ, ಯಂತ್ರ ಇಲ್ಲಿಯೇ ಮುಂದುವರಿಯಲಿ, ನಡೆಸುವವರೂ ಇವರೇ ಇರಲಿ, ಎರಡು ವರ್ಷ, ಎಂದು ಬರೆದು ರುಜು ಹಾಕಿದರು. ಓದಿ ಹೇಳಿದರು ಕೂಡ. ಎರ್ರಿಸ್ವಾಮಿಯ ಅಂಗೈ ಗಾಜಿನ ಮೇಲೆ ಇನ್ನಷ್ಟು ಅಗಲವಾಯಿತು. ನಾಳೆಯೂ ಎಂಟೂಕಾಲು. ನಾಡಿದ್ದೂ.

ಪೆನ್ನಿಗೆ ಟೋಪಿ ಹಾಕಿ ಪ್ರಸನ್ನಕುಮಾರ್ ಹಿಂದಕ್ಕೆ ಒರಗಿದರು. ಮುಖ ಈಗ ಹೆಸರಿಗೆ ಹತ್ತಿರ ಬಂದಿತ್ತು.

"ಒಂದು ಮಾತು ಕೇಳಬೇಕು ಎರ್ರಿಸ್ವಾಮಿಯವರೇ. ವರದಿಯಲ್ಲಿ ಎರಡು ಸಾಲು ನಿಮ್ಮ ಬಗ್ಗೆಯೂ ಬರೆಯೋಣ ಅಂತ. ನಾನು ಎಷ್ಟೋ ಲ್ಯಾಬು ನೋಡಿದ್ದೇನೆ. ಹತ್ತು ಗಂಟೆಯಿಂದ ನಿಮ್ಮನ್ನು ನೋಡುತ್ತಿದ್ದೇನೆ, ಒಂದು ಗಳಿಗೆ ಕೂತಿಲ್ಲ. ಆರು ತಿಂಗಳಲ್ಲಿ ಒಂದು ದಿನವೂ ನೀವು ಇಲ್ಲಿ ಕೂತದ್ದು ಕಂಡಿಲ್ಲ ಅಂತ ಮೇಡಂ ಹೇಳಿದರು. ಮೂರೂವರೆ ಗಂಟೆ ನಿಂತೇ ಮಷೀನಿಗೆ ಕಿವಿ ಕೊಟ್ಟಿರಂತೆ. ಈ ವಯಸ್ಸಿನಲ್ಲಿ ಇದೊಂದು ತಪಸ್ಸು. ಪ್ರಕೃತಿ ಅಂತಲೋ, ಮುಂದಿನ ಪೀಳಿಗೆ ಅಂತಲೋ, ಏನೋ ಒಂದು ಒಳಗೆ ಇರಲೇಬೇಕು. ನಿಮ್ಮನ್ನು ಹೀಗೆ ನಿಲ್ಲಿಸಿದ್ದು ಏನು?"

ಮೇಘಶ್ರೀ ತಿರುಗಿ ಅವನನ್ನೇ ನೋಡಿದಳು. ಒಳ್ಳೆಯದೇನಾದರೂ ಹೇಳಲಿ ಎಂಬಂತೆ ಸಣ್ಣಗೆ ತಲೆಯಾಡಿಸಿದಳು. ಎರ್ರಿಸ್ವಾಮಿ ಯೋಚಿಸಿದ. ಪ್ರಶ್ನೆ ದೊಡ್ಡದು, ಕೇಳಿದವರೂ ದೊಡ್ಡವರು. ಕೋಣೆಯ ನಾಲ್ಕೂ ಮೂಲೆಯನ್ನು ಒಮ್ಮೆ ನೋಡಿಕೊಂಡ.

"ಈ ರೂಮಿಗೆ ಕುರ್ಚಿ ಕೊಟ್ಟಿಲ್ಲ ಸಾರ್," ಎಂದ. "ಇವತ್ತೊಂದು ಬಂದೈತೆ. ಅದ್ರಾಗೆ ನೀವು ಕುಂತೀರಿ."